ನೌಕರಿಗಿಂತ ಮೊದಲೇ ಬೆಳೆಯುವ ಸಾಲ

2022ರಲ್ಲಿ ಆಂಧ್ರಪ್ರದೇಶದ ಶಿಕ್ಷಣ ಇಲಾಖೆಯ ಹಳೆಯ ಪಟ್ಟಿಯೊಂದಕ್ಕೆ ಮರುಜೀವ ಬಂತು. 1998ರ ಡಿಎಸ್‌ಸಿ, ಅಂದರೆ ಶಿಕ್ಷಕರ ನೇಮಕಾತಿ ಪರೀಕ್ಷೆ ಬರೆದು ಅರ್ಹರಾಗಿಯೂ, ವಿವಾದ ಕೋರ್ಟು ಮೆಟ್ಟಿಲೇರಿದ್ದರಿಂದ ನೌಕರಿ ಕಾಣದೆ ಉಳಿದವರ ಪಟ್ಟಿ ಅದು. ವಿಶಾಖಪಟ್ಟಣದ ಆಚೆಗಿನ ಚೋಡವರಂ ಕ್ಷೇತ್ರದ ಆಗಿನ ಶಾಸಕ ಕರಣಂ ಧರ್ಮಶ್ರೀ ಅವರ ಹೆಸರೂ ಅದರಲ್ಲಿತ್ತು. ಅವರು ಅಷ್ಟರಲ್ಲಿ ರಾಜಕೀಯದಲ್ಲಿ ನೆಲೆ ಕಂಡಿದ್ದರು. ಆ ಭಾಗ್ಯವಿಲ್ಲದವರು ಖಾಸಗಿ ಶಾಲೆಯ ಪುಡಿ ಸಂಬಳಕ್ಕೋ, ಕೂಲಿಗೋ, ಸಣ್ಣ ವ್ಯಾಪಾರಕ್ಕೋ ಇಳಿದು ಎರಡು ದಶಕ ದಾಟಿಸಿದ್ದರು. 2023ರಲ್ಲಿ ಅವರಲ್ಲಿ ಸುಮಾರು ನಾಲ್ಕು ಸಾವಿರ ಮಂದಿಗೆ ಗುತ್ತಿಗೆ ಆಧಾರದ ಮೇಲೆ, ತಿಂಗಳಿಗೆ 32,670 ರೂಪಾಯಿ ಸಂಬಳದ ಕೆಲಸ ಸಿಕ್ಕಿತು. ಹಲವರಿಗೆ ಆಗಲೇ ಐವತ್ತು ತುಂಬಿತ್ತು.

ಶಿಕ್ಷಕರಾಗಲು ಹೊರಟವರ ಸಾಲದ ಮಾತು ಬಂದಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಈ ಕಾಯುವ ಕಾಲವನ್ನು.

ಇಂಥ ಸಾಲಕ್ಕೆ ಮೊದಲು ಹೊಳೆಯುವ ಪರಿಹಾರ ಮನ್ನಾ. ಅಮೆರಿಕದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರ ಶಿಕ್ಷಣ ಸಾಲ ಮನ್ನಾ ಮಾಡುವ ಪದ್ಧತಿ ಹಳೆಯದು. ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮರುವರ್ಷ, 1958ರಲ್ಲಿ ಬಂದ ಕಾನೂನು, ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದ ಪ್ರತಿ ವರ್ಷಕ್ಕೆ ಸಾಲದ ಹತ್ತನೇ ಒಂದು ಭಾಗದಂತೆ ಐದು ವರ್ಷಕ್ಕೆ ಅರ್ಧ ಸಾಲವನ್ನು ಅಳಿಸುತ್ತಿತ್ತು. ಈಗ ಬಡ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ಐದು ವರ್ಷ ಬಿಡದೆ ದುಡಿದ ಗಣಿತ, ವಿಜ್ಞಾನ ಮತ್ತು ವಿಶೇಷ ಮಕ್ಕಳ ಶಿಕ್ಷಕರಿಗೆ 17,500 ಡಾಲರ್‌ವರೆಗೆ, ಇತರರಿಗೆ 5,000 ಡಾಲರ್‌ವರೆಗೆ ಮನ್ನಾ ಇದೆ. ಸಾರ್ವಜನಿಕ ಸೇವೆಯಲ್ಲಿರುವ ಎಲ್ಲರಿಗೂ ಅನ್ವಯಿಸುವ 2007ರ ಯೋಜನೆಯಲ್ಲಿ 120 ಕಂತು ಕಟ್ಟಿದ ಮೇಲೆ ಉಳಿದ ಬಾಕಿ ಹೋಗುತ್ತದೆ. ಆದರೆ ಷರತ್ತುಗಳು ಎಷ್ಟು ತೊಡಕಾಗಿದ್ದವೆಂದರೆ, ಮೊದಲ ಸುತ್ತಿನಲ್ಲಿ ಅರ್ಜಿ ಹಾಕಿದ ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಬರಿಗೈಲಿ ಮರಳಿದರು. ನಿಯಮ ಸಡಿಲಿಸಿದ ಮೇಲೆಯೇ ಅದರ ಫಲ ಜನರಿಗೆ ಮುಟ್ಟಿದ್ದು.

ಭಾರತದಲ್ಲಿ ಇಂಥ ಮನ್ನಾ ಇಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ 2001ರಿಂದ ನಡೆಯುತ್ತಿದೆ. 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡವಿಡಬೇಕಿಲ್ಲ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ. ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕಿಂತ ಕಡಿಮೆ ವರಮಾನದ ಮನೆಯವರಿಗೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಲ್ಲಿ ಬಂತು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ವರಮಾನದ ಮಿತಿಯನ್ನು 8 ಲಕ್ಷಕ್ಕೆ ಏರಿಸಿ, ಬಡ್ಡಿಯಲ್ಲಿ ಶೇ 3ರಷ್ಟು ರಿಯಾಯಿತಿ ಕೊಟ್ಟಿತು. ಅದು ಸಿಗುವುದು ಶ್ರೇಯಾಂಕದಲ್ಲಿ ಮೇಲಿರುವ ಸಂಸ್ಥೆಗಳಲ್ಲಿ ಓದುವವರಿಗೆ. ತಾಲ್ಲೂಕು ಊರಿನ ಸಾಧಾರಣ ಬಿ.ಎಡ್ ಕಾಲೇಜು ಆ ಪಟ್ಟಿಯೊಳಗೆ ಬರುವುದು ಕಷ್ಟ.

ಈ ನಿಯಮಗಳು ವಿಜಯವಾಡಕ್ಕೂ ಉಡುಪಿಗೂ ಒಂದೇ.

ಆಂಧ್ರ ಹಿಡಿದ ದಾರಿ ಬೇರೆ. ಸಾಲ ಆದಮೇಲೆ ಮನ್ನಾ ಮಾಡುವ ಬದಲು, ಸಾಲವೇ ಆಗದಂತೆ ಶುಲ್ಕವನ್ನು ಸರ್ಕಾರ ಕಟ್ಟುವುದು. ವೈ.ಎಸ್. ರಾಜಶೇಖರ ರೆಡ್ಡಿಯವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಆರಂಭವಾದ ಈ ಶುಲ್ಕ ಮರುಪಾವತಿ, 2020ರಲ್ಲಿ ‘ಜಗನನ್ನ ವಿದ್ಯಾ ದೀವೆನ’ ಎಂಬ ಹೆಸರು ಪಡೆದು, ಆಮೇಲೆ ಬಿ.ಎಡ್ ಸೇರಿದಂತೆ ಹಲವು ಕೋರ್ಸುಗಳಿಗೆ ತಾಯಂದಿರ ಖಾತೆಯ ಮೂಲಕ ತಲುಪಿತು. ಊಟ, ವಸತಿಗೆಂದು ಪದವಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 20,000 ರೂಪಾಯಿ ಕೊಡುವ ‘ವಸತಿ ದೀವೆನ’ವೂ ಜೊತೆಗಿತ್ತು. ಸರ್ಕಾರ ಬದಲಾದ ಮೇಲೆ ಹಣ ಮತ್ತೆ ನೇರ ಕಾಲೇಜಿಗೆ ಹೋಗುವ ವ್ಯವಸ್ಥೆ ಬಂತು. ದಾರಿ ಯಾವುದಾದರೂ ಪೇಚು ಒಂದೇ: ಸರ್ಕಾರದ ಹಣ ತಡವಾದರೆ ಕಾಲೇಜು ಅಂಕಪಟ್ಟಿ ತಡೆಹಿಡಿಯುತ್ತದೆ, ಮನೆಯವರು ಕೈಸಾಲ ಮಾಡುತ್ತಾರೆ.

ಆ ಕೈಸಾಲ ಇಮ್ಮಡಿಯಾಗುವುದು ಓದು ಮುಗಿದ ಮೇಲೆ. ವಿಜಯವಾಡದಿಂದ ಕೃಷ್ಣಾ ನದಿಯ ಗುಂಟ ಕೆಳಗೆ ಸಾಗಿದರೆ ಅವನಿಗಡ್ಡ ಸಿಗುತ್ತದೆ. ಡಿಎಸ್‌ಸಿ ತರಬೇತಿಗೆ ರಾಜ್ಯಕ್ಕೇ ಹೆಸರಾದ ಊರು. ಅಧಿಸೂಚನೆಯ ಸುದ್ದಿ ಬಂದರೆ ಸಾಕು, ಜಿಲ್ಲೆ ಜಿಲ್ಲೆಗಳಿಂದ ಬಂದವರಿಗೆ ಊರಿನ ಮನೆಗಳ ಕೋಣೆಗಳೆಲ್ಲ ಹಾಸ್ಟೆಲ್ಲುಗಳಾಗುತ್ತವೆ. ಕೋಚಿಂಗ್ ಶುಲ್ಕ, ಕೋಣೆ ಬಾಡಿಗೆ, ಮೆಸ್ಸಿನ ಖರ್ಚು ಇವಕ್ಕೆ ಶಿಕ್ಷಣ ಸಾಲ ಸಿಗುವುದಿಲ್ಲ. ಒಡವೆ ಅಡವಿಟ್ಟು, ಬಡ್ಡಿಗೆ ತಂದು ಹೊಂದಿಸಬೇಕು. ಯಾವ ಮನ್ನಾ ಯೋಜನೆಯ ಕಡತದಲ್ಲೂ ಈ ಸಾಲ ಕಾಣುವುದಿಲ್ಲ.

2018ರ ಡಿಎಸ್‌ಸಿ ಆದ ಮೇಲೆ ರಾಜ್ಯದಲ್ಲಿ ಇಂಥ ಇನ್ನೊಂದು ನೇಮಕಾತಿ ಮುಗಿಯಲು ಏಳು ವರ್ಷ ಹಿಡಿಯಿತು. 2024ರ ಆರಂಭದಲ್ಲಿ ಹೊರಟ 6,100 ಹುದ್ದೆಗಳ ಅಧಿಸೂಚನೆ ರದ್ದಾಯಿತು. ಅದೇ ವರ್ಷದ ಜೂನ್‌ನಲ್ಲಿ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡ ಚಂದ್ರಬಾಬು ನಾಯ್ಡು ಮೊದಲ ಸಹಿ ಹಾಕಿದ್ದು 16,347 ಹುದ್ದೆಗಳ ಮೆಗಾ ಡಿಎಸ್‌ಸಿ ಕಡತಕ್ಕೆ. ಅಧಿಸೂಚನೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಮೂರು ಲಕ್ಷಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು; ಕಾದು ವಯಸ್ಸಾದವರಿಗಾಗಿ ಮಿತಿಯನ್ನು 44ಕ್ಕೆ ಏರಿಸಲಾಗಿತ್ತು. ಜೂನ್ 6ರಿಂದ ಜುಲೈ 2ರವರೆಗೆ ಪರೀಕ್ಷೆ ನಡೆದು, ಸೆಪ್ಟೆಂಬರ್ 25ರಂದು ಅಮರಾವತಿಯಲ್ಲಿ ನೇಮಕಾತಿ ಪತ್ರ ಹಂಚಲಾಯಿತು.

ಎರಡು ಗಡಿಯಾರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಬಿ.ಎಡ್ ಎರಡು ವರ್ಷ, ಆಮೇಲೆ ಒಂದು ವರ್ಷ ವಿನಾಯಿತಿ, ಅಲ್ಲಿಂದ ಬ್ಯಾಂಕಿನ ಕಂತು ಶುರು. 2018ರಲ್ಲಿ ಕೋರ್ಸಿಗೆ ಸೇರಿ 2020ರಲ್ಲಿ ಮುಗಿಸಿದವರ ಮೊದಲ ಕಂತು 2021ಕ್ಕೆ ಬಂದಿದ್ದರೆ, ಸರ್ಕಾರಿ ನೌಕರಿಯ ಮೊದಲ ಅವಕಾಶ ಬಂದದ್ದು 2025ಕ್ಕೆ. ನಡುವಿನ ನಾಲ್ಕು ವರ್ಷ ಕಂತು ಕಟ್ಟಿದ್ದು ಖಾಸಗಿ ಶಾಲೆಯ ಸಂಬಳ, ಇಲ್ಲವೇ ಅಪ್ಪನ ಹೊಲ.

ಹಾಗಾಗಿ ನೌಕರಿ ಸಿಕ್ಕವರ ಸಾಲವನ್ನಷ್ಟೇ ಮನ್ನಾ ಮಾಡಿದರೆ, ಹೊರೆ ಹೆಚ್ಚು ಹೊತ್ತವರು ಹೊರಗೇ ಉಳಿಯುತ್ತಾರೆ. ಮೊದಲು ಬೇಕಾದದ್ದು ತಪ್ಪದ ನೇಮಕಾತಿ ವೇಳಾಪಟ್ಟಿ. ಪ್ರತಿ ವರ್ಷ ಡಿಎಸ್‌ಸಿ ನಡೆಸುವುದಾಗಿ ಶಿಕ್ಷಣ ಸಚಿವ ನಾರಾ ಲೋಕೇಶ್ ಹೇಳಿದ್ದಾರೆ. ಅದನ್ನು ಸರ್ಕಾರ ಬದಲಾದರೂ ಅಳಿಯದ ನಿಯಮವಾಗಿಸಬೇಕು. ಎರಡನೆಯದು, ಶಿಕ್ಷಕ ತರಬೇತಿಯ ಸಾಲಕ್ಕೆ ಕಂತಿನ ವಿನಾಯಿತಿಯನ್ನು ಮುಂದಿನ ನೇಮಕಾತಿ ಮುಗಿಯುವವರೆಗೆ ಹಿಗ್ಗಿಸುವುದು. ಆಮೇಲೆ ಮನ್ನಾ. 2022ರಲ್ಲಿ ವಿಶಾಖಪಟ್ಟಣ ಜಿಲ್ಲೆಯ ಗುಡ್ಡಗಾಡನ್ನು ಸೇರಿಸಿ ರಚಿಸಿದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯ ಪಾಡೇರು, ಅರಕು ಕಡೆಯ ಆದಿವಾಸಿ ಹಾಡಿಗಳ ಶಾಲೆಗೆ ಹೋಗಿ ನಿಲ್ಲುವ ಶಿಕ್ಷಕರಿಗೆ, ಸೇವೆಯ ಪ್ರತಿ ವರ್ಷಕ್ಕೆ ಸಾಲದ ಒಂದು ಪಾಲು ಕಳೆಯುವ ಯೋಜನೆ ರಾಜ್ಯದ ಬೊಕ್ಕಸಕ್ಕೆ ದೊಡ್ಡ ಹೊರೆಯಾಗಲಾರದು. ಮಕ್ಕಳ ಭಾಷೆ ಕಲಿಯುವಷ್ಟು ಕಾಲ ಒಬ್ಬ ಶಿಕ್ಷಕಿ ಅಲ್ಲಿ ಉಳಿಯುವುದಕ್ಕೆ ಅದು ಕಾರಣವಾಗಬಹುದು.