ಮಸುಕು ಚಿತ್ರ: ತಪ್ಪು ಲೆನ್ಸಿನದೋ, ಕ್ಯಾಮೆರಾದ್ದೋ?

ಬೆಳಗಾವಿ: ಮದುವೆಯಲ್ಲಿ ಮಾಂಗಲ್ಯಧಾರಣೆ ನಡೆಯುವುದು ಒಮ್ಮೆ ಮಾತ್ರ. ವಧುವಿನ ಕಣ್ಣಿಗೆ ಗುರಿಯಿಟ್ಟು ತೆಗೆದ ಚಿತ್ರದಲ್ಲಿ ಕಿವಿಯ ಝುಮಕಿ ಸ್ಪಷ್ಟವಾಗಿ, ಕಣ್ಣು ಮಸುಕಾಗಿ ಮೂಡಿದರೆ ಛಾಯಾಗ್ರಾಹಕನಿಗೆ ಎರಡನೇ ಅವಕಾಶವಿಲ್ಲ. ಇಂಥ ಸಂದರ್ಭದಲ್ಲಿ ಲೆನ್ಸ್ ಕೆಟ್ಟಿದೆಯೆಂದು ತೀರ್ಮಾನಿಸಿ ಅದನ್ನು ಮಾರಲು ಹೊರಡುವವರಿದ್ದಾರೆ. ಅದಕ್ಕೂ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ನಡೆಸುವುದು ಒಳಿತು. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಳ್ಳುವವರಿಗಂತೂ ಇದು ಅತ್ಯಗತ್ಯ.

ದೋಷ ಹುಟ್ಟುವುದೆಲ್ಲಿ?

ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಚಿತ್ರ ಮೂಡುವ ಸೆನ್ಸರ್ ಬೇರೆ, ಫೋಕಸ್ ಅಳೆಯುವ ಸೆನ್ಸರ್ ಬೇರೆ. ಲೆನ್ಸ್ ಮೂಲಕ ಬಂದ ಬೆಳಕಿನ ಒಂದು ಭಾಗ ಮುಖ್ಯ ಕನ್ನಡಿಯನ್ನು ಹಾಯ್ದು, ಅದರ ಹಿಂದಿನ ಪುಟ್ಟ ಕನ್ನಡಿಯಿಂದ ಪ್ರತಿಫಲಿಸಿ, ತಳದಲ್ಲಿರುವ ಫೋಕಸ್ ಸೆನ್ಸರನ್ನು ಸೇರುತ್ತದೆ. ಈ ಎರಡೂ ದಾರಿಗಳ ಉದ್ದ ಸಮನಾಗಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಫೋಕಸ್ ವಸ್ತುವಿನ ಮುಂದೆ ಇಲ್ಲವೇ ಹಿಂದೆ ಬೀಳುತ್ತದೆ. ಇವನ್ನೇ ಫ್ರಂಟ್ ಫೋಕಸ್, ಬ್ಯಾಕ್ ಫೋಕಸ್ ಎನ್ನುವುದು. ಪ್ರತಿ ಲೆನ್ಸಿನ ತಯಾರಿಕೆಯಲ್ಲಿ ಉಳಿದ ಅಲ್ಪ ವ್ಯತ್ಯಾಸವೂ ಇದಕ್ಕೆ ಸೇರಿಕೊಳ್ಳುತ್ತದೆ.

ಅಪರ್ಚರ್ ದೊಡ್ಡದಾದಷ್ಟೂ ದೋಷ ಎದ್ದು ಕಾಣುತ್ತದೆ. ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾಕ್ಕೆ 85 ಮಿ.ಮೀ. ಲೆನ್ಸ್ ಜೋಡಿಸಿ, 2 ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 4 ಸೆಂ.ಮೀ. ಮಾತ್ರ. ಅದೇ ಎಫ್/8ರಲ್ಲಿ ಸುಮಾರು 18 ಸೆಂ.ಮೀ. ಇರುವುದರಿಂದ ದೋಷ ಮುಚ್ಚಿಹೋಗುತ್ತದೆ.

ತಕ್ಕಡಿಯ ನ್ಯಾಯ

ರವಿವಾರ ಪೇಟೆಯ ವರ್ತಕರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರತಿ ಬಾರಿಯೂ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ವಾಲುವ ತಕ್ಕಡಿಯನ್ನು ಸರಿಪಡಿಸಬಹುದು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೂಗುವುದನ್ನು ದುರಸ್ತಿಗೇ ಕಳುಹಿಸಬೇಕು. ಆಟೋಫೋಕಸ್ ವಿಷಯದಲ್ಲೂ ಮೊದಲು ತಿಳಿಯಬೇಕಾದದ್ದು ಇದನ್ನೇ.

ಪರೀಕ್ಷೆ ಹೇಗೆ?

* ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಡಿ. ಅಚ್ಚಾದ ಹಾಳೆಯೊಂದನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಅದಕ್ಕೆ ನೇರ ಎದುರಾಗಿ ನಿಲ್ಲಿಸಿ. ದೂರವು ಲೆನ್ಸಿನ ಫೋಕಲ್ ಲೆಂತ್‌ನ ಸುಮಾರು 50 ಪಟ್ಟು ಇರಲಿ, 50 ಮಿ.ಮೀ. ಲೆನ್ಸಿಗೆ ಎರಡೂವರೆ ಮೀಟರ್.
* ಬೆಳಕು ಧಾರಾಳವಾಗಿರಲಿ. ಅಪರ್ಚರ್ ಪೂರ್ತಿ ತೆರೆಯಿರಿ, ಮಧ್ಯದ ಒಂದೇ ಫೋಕಸ್ ಬಿಂದು ಬಳಸಿ, ಕಂಪನ ನಿಯಂತ್ರಣ ಆರಿಸಿ, ಟೈಮರ್‌ನಿಂದ ಚಿತ್ರ ತೆಗೆಯಿರಿ.
* ಮೊದಲು ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ಒಂದು ಚಿತ್ರ ತೆಗೆಯಿರಿ. ಇಲ್ಲಿ ಚಿತ್ರದ ಸೆನ್ಸರೇ ಫೋಕಸ್ ನೋಡುವುದರಿಂದ ಇದೇ ನಿಮ್ಮ ಅಳತೆಗೋಲು.
* ನಂತರ ವ್ಯೂಫೈಂಡರ್ ಮೂಲಕ ಹತ್ತು ಚಿತ್ರ ತೆಗೆಯಿರಿ. ಪ್ರತಿ ಬಾರಿಯೂ ಫೋಕಸ್ ರಿಂಗನ್ನು ಕದಲಿಸಿ ಹೊಸದಾಗಿ ಫೋಕಸ್ ಮಾಡಿ.

ಹತ್ತೂ ಚಿತ್ರ ಒಂದೇ ಬಗೆಯಲ್ಲಿ ಮಸುಕಾಗಿದ್ದರೆ ಹೊಂದಾಣಿಕೆ ಬೇಕು. ಫೋಕಸ್ ಮುಂದೆ ಬಿದ್ದಿದೆಯೋ ಹಿಂದೆಯೋ ತಿಳಿಯಲು ಹಾಳೆಯ ಪಕ್ಕ ಸ್ಕೇಲೊಂದನ್ನು ಓರೆಯಾಗಿ ನಿಲ್ಲಿಸಿ ನೋಡಿ. ಚಿತ್ರದಿಂದ ಚಿತ್ರಕ್ಕೆ ಫಲಿತಾಂಶ ಬದಲಾಗುತ್ತಿದ್ದರೆ ಹೊಂದಾಣಿಕೆಯಿಂದ ಪ್ರಯೋಜನವಿಲ್ಲ. ಸೇವಾ ಕೇಂದ್ರವೇ ದಾರಿ.

ಸರಿಪಡಿಸುವುದು

2007ರಲ್ಲಿ ಕ್ಯಾನನ್ ಇಒಎಸ್-1ಡಿ ಮಾರ್ಕ್ 3, ನಿಕಾನ್ ಡಿ3 ಹಾಗೂ ಡಿ300 ಕ್ಯಾಮೆರಾಗಳಲ್ಲಿ ಈ ಸೌಲಭ್ಯ ಬಂತು. ಕ್ಯಾನನ್ ಇದನ್ನು ಎಎಫ್ ಮೈಕ್ರೋ ಅಡ್ಜಸ್ಟ್‌ಮೆಂಟ್ ಎಂದರೆ, ನಿಕಾನ್ ಎಎಫ್ ಫೈನ್ ಟ್ಯೂನ್ ಎನ್ನುತ್ತದೆ. ಎರಡರಲ್ಲೂ -20ರಿಂದ +20ರವರೆಗೆ ಅವಕಾಶವಿದೆ. ಫೋಕಸ್ ಮುಂದೆ ಬೀಳುತ್ತಿದ್ದರೆ ಪ್ಲಸ್ ಕಡೆಗೆ, ಹಿಂದೆ ಬೀಳುತ್ತಿದ್ದರೆ ಮೈನಸ್ ಕಡೆಗೆ ಐದೈದು ಅಂಕ ಸರಿಸಿ ಮತ್ತೆ ಪರೀಕ್ಷಿಸಿ. ಪ್ರತಿ ಲೆನ್ಸಿಗೂ ಬೇರೆ ಅಂಕ ಬೇಕು. ಜೂಮ್ ಲೆನ್ಸಿನ ಎರಡು ತುದಿಗಳಲ್ಲಿ ದೋಷ ಭಿನ್ನವಾಗಿದ್ದರೆ ಹೆಚ್ಚು ಬಳಸುವ ತುದಿಗೆ ಹೊಂದಿಸುವುದು ಜಾಣತನ. 20 ಅಂಕ ಮುಗಿದರೂ ಸರಿಯಾಗದಿದ್ದರೆ ಕ್ಯಾಮೆರಾ ಮತ್ತು ಲೆನ್ಸ್ ಎರಡನ್ನೂ ಒಟ್ಟಿಗೆ ಸೇವಾ ಕೇಂದ್ರಕ್ಕೆ ಒಯ್ಯಬೇಕು.

ನಿಕಾನ್ ಡಿ3000, ಡಿ5000 ಸರಣಿಯಂಥ ಅಗ್ಗದ ಮಾದರಿಗಳಲ್ಲಿ ಈ ಸೌಲಭ್ಯವಿಲ್ಲ. ಅವುಗಳಲ್ಲಿ ಲೈವ್ ವ್ಯೂ ಇದ್ದರೆ ನಿಶ್ಚಲ ದೃಶ್ಯಗಳಿಗೆ ಅದನ್ನು ಬಳಸಬಹುದು. ಮಿರರ್‌ಲೆಸ್ ಕ್ಯಾಮೆರಾಗಳು ಚಿತ್ರದ ಸೆನ್ಸರಿನಿಂದಲೇ ಫೋಕಸ್ ಅಳೆಯುವುದರಿಂದ ಅಲ್ಲಿ ಈ ಬಗೆಯ ದೋಷ ತೀರಾ ವಿರಳ.

ಇದು ದೋಷವಲ್ಲ

ಎಲ್ಲ ಮಸುಕಿಗೂ ಯಂತ್ರ ಹೊಣೆಯಲ್ಲ. ಬೆಳಗಾವಿ ಕೋಟೆಯ ಕಮಲ ಬಸದಿ, ಖಾನಾಪುರ ತಾಲ್ಲೂಕಿನ ಹಲಸಿಯ ಭೂವರಾಹ ನರಸಿಂಹ ದೇವಾಲಯಗಳ ಒಳಗಿನ ಮಂದ ಬೆಳಕಿನಲ್ಲಿ ನುಣುಪಾದ ಕಲ್ಲಿನ ಮೇಲೆ ಫೋಕಸ್ ತಡಕಾಡುವುದು ಸಹಜ. ಅಲ್ಲಿ ಕೆತ್ತನೆಯ ಅಂಚಿಗೆ ಗುರಿಯಿಡಬೇಕು. ಭೀಮಗಡದ ಕಾಡಿನಲ್ಲಿ ಹಕ್ಕಿಯ ಬದಲು ಮುಂದಿನ ಎಲೆಗೆ ಫೋಕಸ್ ನಿಂತರೆ ಅದು ಬಿಂದುವಿನ ಆಯ್ಕೆಯ ಪ್ರಶ್ನೆ. ಷಟರ್ ವೇಗ ಸಾಲದೆ ಕೈ ಅಲುಗಿದರೆ ಇಡೀ ಚಿತ್ರವೇ ಮಸುಕಾಗುತ್ತದೆ. ಫೋಕಸ್ ತಪ್ಪಿದ್ದರೆ ಮುಂದೆಯೋ ಹಿಂದೆಯೋ ಏನಾದರೊಂದು ಸಾಮಾನ್ಯವಾಗಿ ಸ್ಪಷ್ಟವಾಗಿರುತ್ತದೆ. ಮೆನು ತೆರೆಯುವ ಮೊದಲು ಇಷ್ಟನ್ನು ಗಮನಿಸಿದರೆ ಹಣವೂ ಉಳಿಯುತ್ತದೆ, ಒಳ್ಳೆಯ ಲೆನ್ಸೂ ಉಳಿಯುತ್ತದೆ.