ಕೋನ ಕಂಡವರಿಗಷ್ಟೇ ಕೊಳವೆ

ಗ್ಲಾಕೋಮಾ ಎಂಬುದು ಕಣ್ಣಿನಿಂದ ಮಿದುಳಿಗೆ ನೋಟವನ್ನು ಒಯ್ಯುವ ನರ ಮೆಲ್ಲಮೆಲ್ಲನೆ ಸವೆಯುವ ಕಾಯಿಲೆ. ಸಾಮಾನ್ಯವಾಗಿ ನೋವೇನೂ ಇಲ್ಲದೆ ನೋಟದ ಅಂಚಿನಿಂದ ತೊಡಗಿ ಒಳಕ್ಕೆ ಸರಿಯುವ ಈ ಕಾಯಿಲೆಯಲ್ಲಿ ಒಮ್ಮೆ ಹೋದ ದೃಷ್ಟಿ ಮರಳುವುದಿಲ್ಲವಾದ್ದರಿಂದ, ಕಣ್ಣಿನೊಳಗಿನ ಒತ್ತಡವನ್ನು ತಗ್ಗಿಸಿ ಉಳಿದಿರುವುದನ್ನು ಕಾಯುವುದಷ್ಟೇ ವೈದ್ಯರಿಗೆ ಸಾಧ್ಯ. ಒತ್ತಡ ಏರುವುದು ಹರಿವಿನ ದೋಷದಿಂದ. ಕಣ್ಣಿನ ಮುಂಭಾಗವನ್ನು ಪೋಷಿಸುವ ತಿಳಿನೀರು ನಿಮಿಷಕ್ಕೆ ಎರಡು ಮೂರು ಮೈಕ್ರೋಲೀಟರಿನಷ್ಟು ಒಸರುತ್ತ, ಪಾಪೆಯ ಮೂಲಕ ಮುಂದಕ್ಕೆ ಬಂದು, ಪಾರದರ್ಶಕವಾದ ಕಾರ್ನಿಯಾ ಮತ್ತು ಬಣ್ಣದ ಐರಿಸ್ ಕೂಡುವ ಮೂಲೆಯಲ್ಲಿ ಜರಡಿಯಂಥ ಒಂದು ಜಾಲದೊಳಗೆ ಇಳಿಯುತ್ತದೆ. ಜಾಲದ ಹಿಂದೆ ವರ್ತುಲಾಕಾರದಲ್ಲಿ ಸುತ್ತುವರಿದ ಶ್ಲೆಮ್ ಕಾಲುವೆಯನ್ನು ಸೇರಿ, ಅಲ್ಲಿಂದ ರಕ್ತನಾಳಗಳಿಗೆ ಹೋಗುತ್ತದೆ. ಆ ಮೂಲೆಯನ್ನೇ ವೈದ್ಯರು ಕೋನ ಎನ್ನುತ್ತಾರೆ. ಬಹುಪಾಲು ರೋಗಿಗಳಲ್ಲಿ ಅಡಚಣೆ ಇರುವುದು ಈ ಜರಡಿಯಲ್ಲೇ.

1968ರಲ್ಲಿ ಇಂಗ್ಲೆಂಡಿನ ಜಾನ್ ಕೇರ್ನ್ಸ್ ವಿವರಿಸಿದ ಟ್ರಾಬೆಕ್ಯುಲೆಕ್ಟಮಿ ಎಂಬ ಶಸ್ತ್ರಚಿಕಿತ್ಸೆ ಈ ಜರಡಿಯನ್ನು ಬಿಟ್ಟು, ಕಣ್ಣಿನ ಬಿಳಿಗೋಡೆಯಲ್ಲಿ ಹೊಸದೊಂದು ತೂಬನ್ನೇ ತೆರೆಯುತ್ತದೆ. ಒತ್ತಡವನ್ನು ಅದು ಚೆನ್ನಾಗಿ ಇಳಿಸುತ್ತದೆ, ನಿಜ. ಆದರೆ ನೀರು ಅತಿಯಾಗಿ ಹರಿದು ಕಣ್ಣು ಮೆತ್ತಗಾಗಬಹುದು, ಗಾಯ ಕಲೆಗಟ್ಟಿ ತೂಬು ಮುಚ್ಚಬಹುದು, ಸೋಂಕಿನ ಭಯ ವರ್ಷಗಟ್ಟಲೆ ಉಳಿಯಬಹುದು. ಕಣ್ಣಿನ ಹನಿಗಳಿಗೂ ಈ ದೊಡ್ಡ ಶಸ್ತ್ರಚಿಕಿತ್ಸೆಗೂ ನಡುವೆ ಇದ್ದ ಅಂತರವನ್ನು ತುಂಬಲೆಂದು ಬಂದದ್ದೇ ಅಲ್ಪಗಾಯದ ಗ್ಲಾಕೋಮಾ ಶಸ್ತ್ರಚಿಕಿತ್ಸೆ, ವೈದ್ಯರ ಮಾತಿನಲ್ಲಿ ‘ಮಿಗ್ಸ್’. ಇದಕ್ಕೆ ಆ ಹೆಸರನ್ನು ಬಳಕೆಗೆ ತಂದವರು ಕೆನಡಾದ ಇಕ್ಬಾಲ್ ಐಕ್ ಅಹ್ಮದ್. ಸುಮಾರು ಒಂದು ಮಿಲಿಮೀಟರ್ ಉದ್ದದ, ಜಾಲವನ್ನು ದಾಟಿ ಕಾಲುವೆಯಲ್ಲಿ ಕೂರುವ ಟೈಟೇನಿಯಂ ಕೊಳವೆ ಐಸ್ಟೆಂಟ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಒಪ್ಪಿಗೆ ನೀಡಿತು. ಪೊರೆ ತೆಗೆಯುವ ಶಸ್ತ್ರಚಿಕಿತ್ಸೆಯ ಜೊತೆಯಲ್ಲೇ, ಅದೇ ಸಣ್ಣ ಸೀಳಿನಿಂದ, ಕೆಲವೇ ನಿಮಿಷಗಳಲ್ಲಿ ಇದನ್ನು ಕೂರಿಸಬಹುದಾಗಿತ್ತು.

ಕೆಲಸ ಚಿಕ್ಕದೆಂದ ಮಾತ್ರಕ್ಕೆ ಸುಲಭವಲ್ಲವೆಂಬುದು ಶಸ್ತ್ರಚಿಕಿತ್ಸಕರಿಗೆ ಬೇಗನೆ ತಿಳಿಯಿತು, ಮತ್ತು ತೊಡಕು ಅವರು ನಿರೀಕ್ಷಿಸಿದ್ದ ಕಡೆ ಇರಲಿಲ್ಲ. ಸಾವಿರಾರು ಪೊರೆಗಳನ್ನು ತೆಗೆದ ಕೈಗೆ ಕೊಳವೆಯನ್ನು ನೂಕುವುದು ಕಷ್ಟವಲ್ಲ. ಎಲ್ಲಿ ನೂಕಬೇಕೆಂದು ಕಾಣುವುದೇ ಕಷ್ಟ. ಕೋನದಿಂದ ಹೊರಟ ಬೆಳಕು ಕಾರ್ನಿಯಾದ ಹೊರಮೈಗೆ ಒಳಗಿನಿಂದ ತಾಗಿ ಕಣ್ಣಿನೊಳಕ್ಕೇ ಮರಳುವುದರಿಂದ, ನೇರವಾಗಿ ನೋಡುವವರಿಗೆ ಕೋನ ಕಾಣಿಸುವುದೇ ಇಲ್ಲ. ಅದಕ್ಕಾಗಿ ಗೋನಿಯೋ ಲೆನ್ಸ್ ಎಂಬ ವಿಶೇಷ ಮಸೂರವನ್ನು ಕಾರ್ನಿಯಾದ ಮೇಲೆ ಇಟ್ಟು, ರೋಗಿಯ ತಲೆಯನ್ನು ಆಚೆ ಕಡೆಗೆ ಸುಮಾರು 35 ಡಿಗ್ರಿ ಹೊರಳಿಸಿ, ಸೂಕ್ಷ್ಮದರ್ಶಕವನ್ನು ಅಷ್ಟೇ ಪ್ರಮಾಣದಲ್ಲಿ ತನ್ನತ್ತ ವಾಲಿಸಿಕೊಂಡು ವೈದ್ಯ ಕೆಲಸ ಮಾಡಬೇಕು. ಬಲಗೈ ಉಪಕರಣವನ್ನು ಹಿಡಿದಿದ್ದರೂ ಫಲಿತಾಂಶ ನಿಂತಿರುವುದು ಎಡಗೈಯ ಹದದ ಮೇಲೆ, ಏಕೆಂದರೆ ಮಸೂರವನ್ನು ಕೊಂಚ ಒತ್ತಿದರೂ ಕಾರ್ನಿಯಾದಲ್ಲಿ ನೆರಿಗೆಗಳೆದ್ದು ದೃಶ್ಯ ಕದಡುತ್ತದೆ. ಜಾಲದಲ್ಲಿ ಕಂದುಬಣ್ಣ ತುಂಬಿರುವ ಕಣ್ಣುಗಳಲ್ಲಿ ಗುರುತು ಹಿಡಿಯುವುದು ಸುಲಭ; ಬಣ್ಣವಿಲ್ಲದ ಕಣ್ಣುಗಳಲ್ಲಿ ಟ್ರೈಪಾನ್ ಎಂಬ ನೀಲಿ ಬಣ್ಣವನ್ನು ಹಾಕಿ ನೋಡುತ್ತಾರೆ, ಇಲ್ಲವೆ ಒತ್ತಡವನ್ನು ಇಳಿಸಿ, ಕಾಲುವೆಯೊಳಗೆ ರಕ್ತ ಹಿಮ್ಮುಖವಾಗಿ ತುಂಬಿ ಕೆಂಪು ಗೆರೆಯಂತೆ ಕಾಣುವಂತೆ ಮಾಡುತ್ತಾರೆ. ಕೊಳವೆ ಕೂತ ಬಳಿಕ ಅದರ ಬಾಯಿಂದ ರಕ್ತ ಕೊಂಚ ಜಿನುಗಿದರೆ ಸಂತೋಷಪಡುವ ವಿಚಿತ್ರ ಶಸ್ತ್ರಚಿಕಿತ್ಸೆಯಿದು: ಕಾಲುವೆ ಸಿಕ್ಕಿತೆಂಬುದಕ್ಕೆ ಅದೇ ಸಾಕ್ಷಿ. ಸಿಗದಿದ್ದರೆ, ನೋಡಲು ಅಚ್ಚುಕಟ್ಟಾಗಿ ಕೂತಂತಿರುವ ಕೊಳವೆಯಿಂದಲೂ ಹನಿ ನೀರು ಹರಿಯದೆ ಹೋಗಬಹುದು.

ಹೀಗಾಗಿ ಅನುಭವಿಗಳು ಹೊಸಬರಿಗೆ ಕಲಿಸುವ ಮೊದಲ ಪಾಠಕ್ಕೂ ಕೊಳವೆಗೂ ಸಂಬಂಧವೇ ಇಲ್ಲ. ಮಾಮೂಲಿ ಪೊರೆ ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ತಲೆ ಹೊರಳಿಸಿ, ಸೂಕ್ಷ್ಮದರ್ಶಕ ವಾಲಿಸಿ, ಏನನ್ನೂ ಮುಟ್ಟದೆ ಕೋನವನ್ನು ಸುಮ್ಮನೆ ನೋಡಿ ಮುಗಿಸಬೇಕು. ಹೊರರೋಗಿ ವಿಭಾಗದಲ್ಲಿಯೂ ಪ್ರತಿ ಗ್ಲಾಕೋಮಾ ರೋಗಿಯ ಕೋನವನ್ನು ತಪ್ಪದೆ ಪರೀಕ್ಷಿಸಬೇಕು. ಕೊಳವೆಯನ್ನು ಪೊರೆ ತೆಗೆಯುವ ಮೊದಲು ಇಡಬೇಕೋ ನಂತರವೋ ಎಂಬುದರಲ್ಲಿ ಮಾತ್ರ ಎರಡು ಮತಗಳಿವೆ: ಮೊದಲಾದರೆ ಕಾರ್ನಿಯಾ ತಿಳಿಯಾಗಿರುತ್ತದೆ, ನಂತರವಾದರೆ ಕೋನ ಅಗಲವಾಗಿರುತ್ತದೆ.

ಎರಡನೆಯ ಪಾಠ ಅಹಂಕಾರವನ್ನು ತಗ್ಗಿಸುವಂಥದು. ಎಂಟು ಮಿಲಿಮೀಟರ್ ಉದ್ದದ ಹೈಡ್ರಸ್ ಎಂಬ ಸಾಧನವನ್ನು 556 ರೋಗಿಗಳಲ್ಲಿ ಪರೀಕ್ಷಿಸಿದ ಹೊರೈಜನ್ ಅಧ್ಯಯನದಲ್ಲಿ, ಹನಿಗಳನ್ನು ನಿಲ್ಲಿಸಿ ಅಳೆದಾಗ ಒತ್ತಡ ಶೇಕಡಾ 20ರಷ್ಟಾದರೂ ಇಳಿದಿದ್ದವರ ಪ್ರಮಾಣ ಎರಡು ವರ್ಷಗಳ ಕೊನೆಗೆ ಸಾಧನ ಪಡೆದವರಲ್ಲಿ ಶೇಕಡಾ 77.3ರಷ್ಟಿತ್ತು, ಬರೀ ಪೊರೆ ತೆಗೆಸಿಕೊಂಡವರಲ್ಲಿಯೂ ಅದು ಶೇಕಡಾ 57.8ರಷ್ಟಿತ್ತು. ಎಂದರೆ, ಹೋಲಿಸಿ ನೋಡಲು ಬೇರೊಂದು ಗುಂಪಿಲ್ಲದೆ ತನ್ನ ರೋಗಿಗಳನ್ನಷ್ಟೇ ಗಮನಿಸುವ ವೈದ್ಯ, ಪೊರೆ ತೆಗೆದುದರಿಂದಲೇ ದಕ್ಕಿದ ಲಾಭವನ್ನು ಕೊಳವೆಯ ಲೆಕ್ಕಕ್ಕೆ ಬರೆದುಕೊಳ್ಳುವ ಸಂಭವ ಬಹಳ. ಇದರ ಜೊತೆಗೆ, ಕಾಲುವೆಯ ನೀರು ಕೊನೆಗೆ ಸೇರುವ ರಕ್ತನಾಳಗಳಲ್ಲಿಯೂ ಒಂದು ಒತ್ತಡವಿರುವುದರಿಂದ, ಅದಕ್ಕಿಂತ ಕೆಳಕ್ಕೆ ಕಣ್ಣಿನ ಒತ್ತಡವನ್ನು ಈ ದಾರಿ ಇಳಿಸಲಾರದು. ನರ ಬಹಳಷ್ಟು ಸವೆದು, ಒತ್ತಡ ತೀರಾ ಕಡಿಮೆಯಿರಬೇಕಾದ ರೋಗಿಗೆ ಹಳೆಯ ಟ್ರಾಬೆಕ್ಯುಲೆಕ್ಟಮಿಯೇ ಇಂದಿಗೂ ಆಸರೆ.

ಮೂರನೆಯ ಪಾಠ ಕಲಿಸಿದ್ದು ಕಾಲ. ಕಣ್ಣಿನ ಗೋಡೆಯ ಪದರಗಳ ನಡುವೆ ನೀರನ್ನು ಹರಿಸುವ ಸೈಪಾಸ್ ಎಂಬ ಕೊಳವೆಗೆ 2016ರಲ್ಲಿ ಒಪ್ಪಿಗೆ ದೊರೆತಿತ್ತು, ಎರಡು ವರ್ಷಗಳ ಫಲಿತಾಂಶಗಳೂ ಚೆನ್ನಾಗಿದ್ದವು. ಐದು ವರ್ಷಗಳ ಎಣಿಕೆ ಕೈಸೇರಿದಾಗ, ಕಾರ್ನಿಯಾವನ್ನು ತಿಳಿಯಾಗಿ ಇಡುವ, ಸತ್ತರೆ ಮತ್ತೆ ಹುಟ್ಟದ ಒಳಪದರದ ಕೋಶಗಳು ಸಾಧನ ಪಡೆದವರಲ್ಲಿ ಸುಮಾರು ಶೇಕಡಾ 20ರಷ್ಟು, ಬರೀ ಪೊರೆ ತೆಗೆಸಿಕೊಂಡವರಲ್ಲಿ ಸುಮಾರು ಶೇಕಡಾ 10ರಷ್ಟು ನಷ್ಟವಾಗಿದ್ದವು. 2018ರ ಆಗಸ್ಟ್‌ನಲ್ಲಿ ಸೈಪಾಸ್ ತಯಾರಕ ಆಲ್ಕಾನ್ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಕೊಳವೆಯ ತುದಿ ಎಷ್ಟು ಹೆಚ್ಚು ಹೊರಚಾಚಿತ್ತೋ ಕೋಶಗಳ ನಷ್ಟವೂ ಅಷ್ಟು ಹೆಚ್ಚಾಗಿತ್ತು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಕಣ್ಣು ವರ್ಷಗಳ ನಂತರ ಬೆಲೆ ತೆರುತ್ತದೆಂಬುದು ಆ ಮೊದಲ ಎರಡು ವರ್ಷಗಳ ಫಲಿತಾಂಶಗಳಲ್ಲಿ ಎದ್ದುಕಂಡಿರಲಿಲ್ಲ.

ಭಾರತದಲ್ಲಿ 40 ದಾಟಿದವರಲ್ಲಿ ಸುಮಾರು 1.1 ಕೋಟಿ ಜನರಿಗೆ ಗ್ಲಾಕೋಮಾ ಇದೆಯೆಂದು 2010ರಲ್ಲಿ ಅಂದಾಜಿಸಲಾಗಿತ್ತು. ಅವರಲ್ಲಿ ಕೋನವೇ ಕಿರಿದಾಗಿ ಮುಚ್ಚಿಕೊಳ್ಳುವ ಬಗೆಯವರೂ ಗಣನೀಯವಾಗಿದ್ದು, ಅಂಥವರಿಗೆ ಮೊದಲು ಬೇಕಾದುದು ಕೊಳವೆಯಲ್ಲ, ಲೇಸರ್ ಅಥವಾ ಕಣ್ಣಿನ ಮಸೂರ ತೆಗೆಯುವ ಚಿಕಿತ್ಸೆ. ಆಮದು ಕೊಳವೆಗಳ ಬೆಲೆ ಎಲ್ಲರಿಗೂ ಎಟುಕದ ಕಾರಣ, ಆಪರೇಷನ್ ಥಿಯೇಟರಿನಲ್ಲಿ ಹೇಗೂ ಇರುವ ಪ್ರೋಲೀನ್ ಹೊಲಿಗೆದಾರವನ್ನು ಕಾಲುವೆಯೊಳಗೆ ಸುತ್ತಲೂ ಓಡಿಸಿ ಜಾಲವನ್ನು ಸೀಳುವ ‘ಗ್ಯಾಟ್’ ವಿಧಾನವನ್ನೂ, ತುದಿ ಬಾಗಿಸಿದ ಮಾಮೂಲಿ ಸೂಜಿಯಿಂದ ಜಾಲವನ್ನು ಹೆರೆಯುವ ವಿಧಾನವನ್ನೂ ಇಲ್ಲಿನ ವೈದ್ಯರು ಕೈಗೆತ್ತಿಕೊಂಡಿದ್ದಾರೆ. ಇವುಗಳಲ್ಲಿ ಖರ್ಚು ಕಡಿಮೆ, ರಕ್ತಸ್ರಾವ ಹೆಚ್ಚು. ಗ್ಯಾಟ್ ಮಾಡಿಸಿಕೊಂಡವರ ಕಣ್ಣಿನೊಳಗೆ ರಕ್ತ ನಿಂತು ಕೆಲವು ದಿನ ನೋಟ ಮಸುಕಾಗುವುದು ಸಾಮಾನ್ಯ. ಇದನ್ನು ಮೊದಲೇ ಹೇಳದಿದ್ದರೆ, ಪೊರೆ ತೆಗೆಸಿಕೊಂಡ ನೆರೆಮನೆಯವರು ಮರುದಿನವೇ ಪತ್ರಿಕೆ ಓದಿದ್ದನ್ನು ಕಂಡ ರೋಗಿ ತನ್ನ ಕಣ್ಣು ಕೆಟ್ಟಿತೆಂದೇ ನಂಬುತ್ತಾನೆ. ಹನಿ ಹಾಕುವುದು ಪೂರ್ತಿ ನಿಲ್ಲುತ್ತದೆಂದು ಭರವಸೆ ಕೊಡುವುದನ್ನೂ ಅನುಭವಿ ವೈದ್ಯರು ಬಿಟ್ಟಿದ್ದಾರೆ. ಮೂರು ಬಗೆಯ ಹನಿ ಹಾಕುತ್ತಿದ್ದವರಿಗೆ ಒಂದು ಸಾಕಾದರೆ, ಅದನ್ನೇ ಅವರು ಗೆಲುವಿನ ಲೆಕ್ಕಕ್ಕೆ ಬರೆಯುತ್ತಾರೆ.