ಸೀನು ಶುರುವಾಗುವ ಮೊದಲೇ ಹಾಕುವ ಮದ್ದು

ಹಾಸಿಗೆ ಬಿಟ್ಟೇಳುತ್ತಿದ್ದಂತೆ ಸಾಲು ಸೀನು, ಹಿಂದೆಯೇ ನೀರಿನಂತೆ ಸೋರುವ ಮೂಗು, ಕಣ್ಣು ತುರಿಕೆ. ಜ್ವರವಿಲ್ಲ, ಮೈಕೈ ನೋವಿಲ್ಲ, ಆದರೂ ವಾರಗಟ್ಟಲೆ ಬಿಡುವುದಿಲ್ಲ. ಇದನ್ನು ನೆಗಡಿಯೆಂದುಕೊಂಡೇ ವರ್ಷಗಳನ್ನು ತಳ್ಳಿದವರು ನಮ್ಮಲ್ಲಿ ಬಹಳ. ಹಾಸಿಗೆ-ದಿಂಬಿನಲ್ಲಿರುವ, ಕಣ್ಣಿಗೆ ಕಾಣದ ದೂಳುಹುಳ, ಗೋಡೆಯ ಬೂಷ್ಟು, ಖಾಲಿ ಸೈಟುಗಳ ತುಂಬ ಹಬ್ಬಿರುವ ಕಾಂಗ್ರೆಸ್ ಗಿಡದ ಪರಾಗ ಇವೆಲ್ಲ ಅಲರ್ಜಿಯ ಮೂಲಗಳು.

ಮೂಗು ಕಟ್ಟಿದವರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಅಲ್ಲಿ ಸಿಗುವ ಆಕ್ಸಿಮೆಟಜೊಲಿನ್, ಕ್ಸೈಲೊಮೆಟಜೊಲಿನ್ ಹನಿಗಳು ಕೆಲವೇ ನಿಮಿಷಗಳಲ್ಲಿ ಉಸಿರು ಬಿಡಿಸುತ್ತವೆ. ಅದೇ ಅವುಗಳ ಆಕರ್ಷಣೆ, ಅಪಾಯವೂ ಅದೇ. ಮೂರರಿಂದ ಐದು ದಿನ ದಾಟಿದರೆ ಮದ್ದಿನ ಪ್ರಭಾವ ಇಳಿದಂತೆಲ್ಲ ಮೂಗು ಮತ್ತಷ್ಟು ಬಿಗಿಯುತ್ತದೆ, ಬಾಟಲಿ ಕೈಬಿಡಲಾಗುವುದಿಲ್ಲ.

ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್ ಸ್ಪ್ರೇಗಳ ಗುಣವೇ ಬೇರೆ. ಇವು ಮೂಗಿನ ಒಳಪೊರೆಯ ಉರಿಯೂತವನ್ನೇ ನಿಧಾನವಾಗಿ ಶಮನ ಮಾಡುತ್ತವೆ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ನಮ್ಮವರು ಮೂರನೆಯ ದಿನಕ್ಕೇ ‘ಇದು ನಂಗೆ ಆಗಲ್ಲ’ ಎಂದು ಮೂಲೆಗಿಡುತ್ತಾರೆ. ಒಳ್ಳೆಯ ಮದ್ದೊಂದು ಹೀಗೆ ಹಾಳಾಗುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಸೀನು ಬಂದಾಗಷ್ಟೇ ಹಾಕುವ ಮದ್ದಲ್ಲ ಇದು. ಸೀನು ಇಲ್ಲದ ದಿನವೂ ಹಾಕಬೇಕು. ಮಳೆ ಬಿದ್ದ ಮೇಲೆ ಹುಟ್ಟುವ ಕಾಂಗ್ರೆಸ್ ಗಿಡ ತಿಂಗಳೊಪ್ಪತ್ತಿನಲ್ಲಿ ಹೂ ಬಿಡುತ್ತದೆ. ಅದರ ಪರಾಗಕ್ಕೆ ಸೀನುವವರು ಹೂ ಕಾಣುವ ಎರಡು ವಾರ ಮೊದಲೇ ವೈದ್ಯರನ್ನು ಕೇಳಿ ಶುರುಮಾಡಿದರೆ ಆ ಋತು ಸಲೀಸು.

ಈ ಸ್ಪ್ರೇಗಳಿಗಿರುವ ‘ಸ್ಟೀರಾಯ್ಡ್’ ಎಂಬ ಹೆಸರು ಕೇಳಿ ಹೆದರುವವರೂ ಇದ್ದಾರೆ. ಫ್ಲುಟಿಕಾಸೋನ್ ಪ್ರೊಪಿಯೊನೇಟಿನ ಒಂದು ಸಿಂಪಡಿಕೆಯಲ್ಲಿರುವುದು 50 ಮೈಕ್ರೊಗ್ರಾಂ. ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವ ದಿನದ ಪ್ರಮಾಣ 200 ಮೈಕ್ರೊಗ್ರಾಂ. ಅದರಲ್ಲಿ ರಕ್ತ ಸೇರುವುದು ಶೇ 2ಕ್ಕಿಂತ ಕಡಿಮೆ. ಮಾತ್ರೆಯ ಸ್ಟೀರಾಯ್ಡಿನ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಆದರೆ ಮಕ್ಕಳು ತಿಂಗಳುಗಟ್ಟಲೆ ಬಳಸುವುದಾದರೆ ವೈದ್ಯರು ಎತ್ತರ ನೋಡುತ್ತಿರಬೇಕು.

ಹಾಕುವ ಕ್ರಮ ತಪ್ಪಿದರೆ ಮದ್ದಿನ ಪ್ರಯೋಜನವೂ ತಪ್ಪುತ್ತದೆ. ಮೊದಲು ಮೂಗು ಸೀಟಿಕೊಳ್ಳಿ, ಬಾಟಲಿ ಅಲ್ಲಾಡಿಸಿ. ಹೊಸ ಬಾಟಲಿಯಾದರೆ ಮಂಜು ಸರಿಯಾಗಿ ಬರುವವರೆಗೆ ಗಾಳಿಗೆ ಒತ್ತಿ. ತಲೆ ಹಿಂದಕ್ಕೆ ಚೆಲ್ಲಬೇಡಿ, ತುಸು ಮುಂದಕ್ಕೆ ಬಾಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ: ಆಗ ತುದಿ ತಾನಾಗಿ ಮೂಗಿನ ನಡುಗೋಡೆಯಿಂದಾಚೆ, ಕಣ್ಣಿನ ಹೊರಮೂಲೆಯ ಕಡೆಗೆ ತಿರುಗುತ್ತದೆ. ಆ ಗೋಡೆಗೇ ದಿನವೂ ಬಿದ್ದರೆ ಪೊರೆ ಒಣಗಿ ರಕ್ತ ಜಿನುಗೀತು. ಒತ್ತುವಾಗ ಮೆಲ್ಲಗೆ ಉಸಿರೆಳೆದರೆ ಸಾಕು. ಜೋರಾಗಿ ಎಳೆದರೆ ಮದ್ದು ಗಂಟಲಿಗಿಳಿಯುತ್ತದೆ. ಬಾಯಲ್ಲಿ ಕಹಿ ಬಂದರೆ ಆಗಿರುವುದು ಇದೇ.

ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ, ರಕ್ತ ಪದೇ ಪದೇ ಬಂದರೆ, ಸೀನಿನ ಜೊತೆ ಎದೆಯಲ್ಲಿ ಸುಯ್‌ಗುಟ್ಟುವ ಸದ್ದಿದ್ದರೆ ಸ್ಪ್ರೇ ನೆಚ್ಚಿ ಕೂರದೆ ವೈದ್ಯರಿಗೆ ತೋರಿಸಿ.